ಜರಿಗಿಡದಲ್ಲಿ ಗಂಡಾಗೋದು ಯಾರು? ಆಂಥೆರಿಡಿಯೋಜನ್ ನೋಟ್ಸ್

ಪಿಯುಸಿಲಿ ಪ್ರೋಥಾಲಸ್ (ಜರಿಯ ಸ್ಪೋರ್ ಅಂದ್ರೆ ಬೀಜಕಣ ಮೊಳೆತು ಬರೋ ಪುಟ್ಟ ಹಸಿರು ಹಾಳೆ) ಚಿತ್ರ ಬರ್ದಿದ್ದು ನೆನಪಿದೆ ಅಲ್ವಾ, ಹಾರ್ಟ್ ಶೇಪು, ಮೇಲಿನ ತಗ್ಗು ಅಂದ್ರೆ ನಾಚ್ ಹತ್ರ ಆರ್ಕಿಗೋನಿಯಂ (ಎಗ್ ಇರೋ ಹೆಣ್ಣು ಅಂಗ), ಕೆಳಗೆ ಬೇರಿನಂಥ ರೈಜಾಯ್ಡ್ ಮಧ್ಯೆ ಆಂಥೆರಿಡಿಯಂ (ಸ್ಪರ್ಮ್ ಮಾಡೋ ಗಂಡು ಅಂಗ), ಲೇಬಲ್ ಮಾಡಿ ಮಾರ್ಕ್ಸ್ ತಗೊಂಡು ಮರ್ತಿದ್ದು. ಆದ್ರೆ ಎಲ್ಲಾ ಪ್ರೋಥಾಲಸ್ಸೂ ಹಂಗೆ ಎರಡೂ ಇಟ್ಕೊಂಡಿರಲ್ಲ. ಸೆರಟಾಪ್ಟೆರಿಸ್ ಅನ್ನೋ ಜರಿಯ ಸ್ಪೋರ್ ಒಂದನ್ನೇ ಬೆಳೆಸಿದ್ರೆ ಅದು ದ್ವಿಲಿಂಗಿ ಆಗುತ್ತೆ, ಆದ್ರೆ ಪಕ್ಕದಲ್ಲಿ ಆಗ್ಲೇ ಬೆಳೆದಿರೋ ದ್ವಿಲಿಂಗಿ ಇದ್ರೆ ತಡವಾಗಿ ಮೊಳೆತವು ನಾಚೇ ಇಲ್ದೆ ಪುಟ್ಟ ಗಂಡು ಆಗ್ಬಿಡ್ತವೆ. ಸ್ಪೋರ್‌ನಲ್ಲಿ ಗಂಡು ಹೆಣ್ಣು ಅಂತ ಮೊದ್ಲೇ ಬರ್ದಿರಲ್ಲ, ದೊಡ್ಡವು ಬಿಡೋ ಆಂಥೆರಿಡಿಯೋಜನ್ ಅನ್ನೋ ಹಾರ್ಮೋನ್ ಇದನ್ನ ಮಾಡ್ಸೋದು. 1950ರಲ್ಲಿ ಜರ್ಮನಿಯ ವಾಲ್ಟರ್ ಡಾಪ್ ಬ್ರಾಕನ್ ಜರಿಯಲ್ಲಿ ಇದನ್ನ ತೋರ್ಸಿದ್ರು, ಹಳೇ ಪ್ರೋಥಾಲಸ್ ಬೆಳೆದಿದ್ದ ಮೀಡಿಯಂಗೆ ಎಳೇವನ್ನ ಹಾಕಿದ್ರೆ ಬೇಗ ಆಂಥೆರಿಡಿಯಂ ಬಂತು.

ಈಗ ನಂಗೆ ತಲೆ ಕೆಟ್ಟಿದ್ದ ಜಾಗ. ಹಾರ್ಮೋನ್ ಮಾಡಿದವ್ರೇ ಯಾಕೆ ಗಂಡಾಗಲ್ಲ? ಒಂದು ಕಾರಣ, ನಾಚ್ ಬಂದ್ಮೇಲೆ ಅವಕ್ಕೆ ಹಾರ್ಮೋನ್ ನಾಟೋದೇ ಇಲ್ಲ. ಇನ್ನೊಂದು 2014ರಲ್ಲಿ ಜಪಾನಿನವರು ಲೈಗೋಡಿಯಂ ಜಪಾನಿಕಂ ಅನ್ನೋ ಜರಿಯಲ್ಲಿ ತೋರ್ಸಿದ್ದು, ಇದು ಸಖತ್ತಾಗಿದೆ. ಇಲ್ಲಿ ಆಂಥೆರಿಡಿಯೋಜನ್ ಅಂದ್ರೆ ಜಿಬ್ಬರೆಲಿನ್ನೇ (ಜಿಎ, ಗಿಡಗಳ ಬೆಳವಣಿಗೆ ಹಾರ್ಮೋನ್), ಆದ್ರೆ ಅರ್ಧ ಅಡುಗೆ. ದೊಡ್ಡವು ಜಿಎ 9 ತನಕ ಮಾಡಿ ಅದಕ್ಕೊಂದು ಮಿಥೈಲ್ ಅಂಟಿಸಿ ಹೊರಗೆ ಬಿಡ್ತವೆ, ಎಳೇವು ಅದನ್ನ ಒಳಗೆ ಎಳ್ಕೊಂಡು ಮಿಥೈಲ್ ಕಿತ್ತು ಜಿಎ 4 ಮಾಡ್ಕೊಳ್ತವೆ, ಕೆಲಸ ಮಾಡೋದು ಆ ಜಿಎ 4. ಆ ಕೊನೇ ಸ್ಟೆಪ್ಪಿನ ಎಂಜೈಮ್ ಎಳೇವ್ರ ಹತ್ರ ಜಾಸ್ತಿ, ದೊಡ್ಡವ್ರ ಹತ್ರ ತುಂಬಾ ಕಮ್ಮಿ. ಸಾರು ಒಬ್ರ ಮನೇಲಿ, ಒಗ್ಗರಣೆ ಪಕ್ಕದ ಮನೇಲಿ ಅಂತ ಇಟ್ಕೊಳಿ. ಆಮೇಲೆ ಜಿಎ 4 ರಿಸೆಪ್ಟರ್‌ಗೆ ಕೂತು ಜಿಎ ಕೆಲಸಕ್ಕೆ ಬ್ರೇಕ್ ಹಾಕಿರೋ ಡೆಲ್ಲಾ ಪ್ರೋಟೀನ್ ಒಡ್ಸುತ್ತೆ, ಹೂ ಬಿಡೋ ಗಿಡಗಳಲ್ಲಿ ಓದಿದ್ದೇ ಸ್ಟೋರಿ.

ಇಷ್ಟೆಲ್ಲಾ ಯಾಕೆ ಅಂದ್ರೆ ಪ್ರೋಥಾಲಸ್ ಹ್ಯಾಪ್ಲಾಯ್ಡ್ (ಕ್ರೋಮೋಸೋಮ್ ಒಂದೇ ಸೆಟ್), ಅದರ ಎಗ್ಗೂ ಸ್ಪರ್ಮೂ ಮೈಟಾಸಿಸ್‌ನಿಂದಲೇ ಬರೋದು, ಅಂದ್ರೆ ಎಲ್ಲದ್ರಲ್ಲೂ ಅದೇ ಜೀನ್ ಕಾಪಿ, ಒಂದೇ ಪ್ರೋಥಾಲಸ್ಸಿನವು ಸೇರಿದ್ರೆ ಮರಿಗಿಡ ಎಲ್ಲಾ ಜೀನಲ್ಲೂ ಹೋಮೋಜೈಗಸ್ (ಎರಡೂ ಕಾಪಿ ಒಂದೇ ಥರ), ಬಟಾಣಿ ಸೆಲ್ಫಿಂಗ್‌ನಲ್ಲಿ ಎಷ್ಟೋ ತಲೆಮಾರು ಬೇಕಾಗಿದ್ದು ಇಲ್ಲಿ ಒಂದೇ ಏಟಿಗೆ. ಪಕ್ಕದಲ್ಲಿ ಗಂಡುಗಳಿದ್ರೆ ಬೇರೆಯವ್ರ ಸ್ಪರ್ಮ್ ಸಿಗೋ ಚಾನ್ಸ್ ಇರುತ್ತೆ.

ಎಕ್ಸಾಮ್‌ಗೆ ಇನ್ನೊಂದು, ಸೆರಟಾಪ್ಟೆರಿಸ್‌ನಲ್ಲಿ ಎಬಿಎ (ಅಬ್ಸಿಸಿಕ್ ಆಸಿಡ್, ಇನ್ನೊಂದು ಸಸ್ಯ ಹಾರ್ಮೋನ್) ಹಾಕಿದ್ರೆ ಆಂಥೆರಿಡಿಯೋಜನ್ ಇದ್ರೂ ಗಂಡಾಗಲ್ಲ, ಬೀಜ ಮೊಳೆಯೋವಾಗ ಜಿಎಗೂ ಎಬಿಎಗೂ ಇರೋ ಜಗಳ ಇಲ್ಲೂ ಇದೆ. ಲೈಗೋಡಿಯಂ, ಅನೀಮಿಯಾ ಅನ್ನೋ ಜರಿಗಳಲ್ಲಂತೂ ಬೆಳಕಿಲ್ದೆ ಸುಮ್ನೆ ಬಿದ್ದಿರೋ ಸ್ಪೋರ್‌ಗಳೂ ಈ ಹಾರ್ಮೋನ್ ತಾಗಿದ್ರೆ ಕತ್ತಲಲ್ಲೇ ಮೊಳೀತವೆ.