ಭಾರತದ ಎಚ್‌ಐವಿ ಎಂಥದ್ದು?

1986ರಲ್ಲಿ ಚೆನ್ನೈನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆ ಮಾಡಿದರು. ಆದರೆ ಅಷ್ಟೊತ್ತಿಗಾಗಲೇ ವೈರಸ್ ಇಲ್ಲಿ ಬೇರು ಬಿಟ್ಟು ವರ್ಷಗಳೇ ಆಗಿದ್ದವು. ಇದನ್ನು ಹೇಳುವುದು ವೈರಸ್ಸಿನ ಜೀನುಗಳೇ. ಬೇರೆ ಬೇರೆ ಸೋಂಕಿತರ ರಕ್ತದಿಂದ ವೈರಸ್ ತೆಗೆದು, ಅವುಗಳ ನಡುವೆ ಎಷ್ಟು ವ್ಯತ್ಯಾಸ ಬೆಳೆದಿದೆ ಎಂದು ನೋಡಿದರೆ ಅವುಗಳ ಮೂಲ ಯಾವ ಕಾಲದ್ದು ಎಂದು ಅಂದಾಜು ಸಿಗುತ್ತದೆ. ನಮ್ಮ ವೈರಸ್ಸಿನ ಲೆಕ್ಕ 1970ರ ಆಚೀಚೆಗೆ ಹೋಗಿ ನಿಲ್ಲುತ್ತದೆ.

ವ್ಯತ್ಯಾಸ ಇಷ್ಟು ಬೇಗ ಬೆಳೆಯಲು ಕಾರಣ ಇದೆ. ಎಚ್‌ಐವಿಯ ಜೀನುಗಳಿರುವ ಇಡೀ ಆರ್‌ಎನ್‌ಎ ಎಳೆ ಸುಮಾರು 9,700 ಅಕ್ಷರಗಳಷ್ಟು. ಅದನ್ನು ನಕಲು ಮಾಡುವ ಕಿಣ್ವ ಆಗಾಗ ತಪ್ಪು ಮಾಡುತ್ತದೆ, ಆದ ತಪ್ಪನ್ನು ತಿದ್ದುವುದೂ ಇಲ್ಲ. ಚಿಕಿತ್ಸೆ ಇಲ್ಲದ ಒಬ್ಬರ ಮೈಯಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ ಹುಟ್ಟುತ್ತವೆ. ಹಾಗಾಗಿ ಒಬ್ಬರೊಳಗೇ ನೂರಾರು ಬಗೆ ಇರುತ್ತವೆ. ಇನ್ನು ಒಂದು ದೇಶದೊಳಗೆ ಕೇಳಬೇಕೇ?

ಜೀನುಗಳ ಹೋಲಿಕೆ ನೋಡಿ ವೈರಸ್ಸನ್ನು 'ಬಿ', 'ಸಿ' ಎಂಬಂಥ ಉಪಬಗೆಗಳಾಗಿ ವಿಂಗಡಿಸುತ್ತಾರೆ. ಇಷ್ಟಾದರೂ ಭಾರತದಲ್ಲಿ ಶೇಕಡಾ 90ಕ್ಕೂ ಹೆಚ್ಚು ಸೋಂಕು 'ಸಿ' ಎಂಬ ಒಂದೇ ಉಪಬಗೆಯದು. ದಕ್ಷಿಣ ಆಫ್ರಿಕಾದಲ್ಲೂ ಹೀಗೇ. ಅಮೆರಿಕ ಮತ್ತು ಪಶ್ಚಿಮ ಯುರೋಪಿನಲ್ಲಿ ಮಾತ್ರ 'ಬಿ'ಯದೇ ಮೇಲುಗೈ. ನಮ್ಮ 'ಸಿ' ವೈರಸ್‌ಗಳು ಬಹುಪಾಲು ಒಂದೇ ಕವಲಿಗೆ ಸೇರಿದವು. ಅಂದರೆ, ಮೊದಮೊದಲು ಬಂದ ಕೆಲವೇ ವೈರಸ್‌ಗಳ ಸಂತತಿ ದೇಶದ ತುಂಬ ಹರಡಿದೆ.

ಈಶಾನ್ಯದ ಕಥೆ ಬೇರೆ. ಮಣಿಪುರಕ್ಕೆ ಮ್ಯಾನ್ಮಾರ್ ಗಡಿಯ ಕಡೆಯಿಂದ ಹೆರಾಯಿನ್ ಬಂತು, ಒಂದೇ ಸೂಜಿಯನ್ನು ಹಲವರು ಬಳಸಿದರು. ಥಾಯ್ಲೆಂಡಿನ 'ಬಿ' ಬಗೆಯೂ ನಮ್ಮ 'ಸಿ'ಯೂ ಅಲ್ಲಿ ಎದುರಾದವು. ಒಂದೇ ಜೀವಕೋಶಕ್ಕೆ ಎರಡೂ ಹೊಕ್ಕರೆ, ಅರ್ಧ ಇದರದು ಅರ್ಧ ಅದರದು ಎಂಬಂಥ ಮಿಶ್ರ ವೈರಸ್ ಹುಟ್ಟಬಹುದು. ಚೀನಾದಲ್ಲಿ ಇವತ್ತು ವ್ಯಾಪಕವಾಗಿರುವ ಒಂದು ಬಿ-ಸಿ ಮಿಶ್ರ ತಳಿಯ 'ಸಿ' ಭಾಗ ಭಾರತದ ಕವಲಿನಿಂದಲೇ ಬಂದದ್ದು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬೆಂಗಳೂರಿನ ಜಕ್ಕೂರಿನಲ್ಲಿ ನಡೆದ ಕೆಲಸ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯ್‌ಕುಮಾರ್ ರಂಗ ಅವರ ತಂಡ ವೈರಸ್ಸಿನ ಒಂದು ಚಿಕ್ಕ ತುಣುಕಿನ ಬೆನ್ನು ಹತ್ತಿತು. ನಮ್ಮ ರೋಗನಿರೋಧಕ ಜೀವಕೋಶ ಎಚ್ಚರಗೊಂಡಾಗ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಡಿಎನ್‌ಎಗೆ ಅಂಟಿಕೊಂಡು ಜೀನುಗಳನ್ನು ಚಾಲೂ ಮಾಡುತ್ತದೆ. ಎಚ್‌ಐವಿ ಇದನ್ನೇ ತನಗೆ ಬಳಸಿಕೊಳ್ಳುತ್ತದೆ, ಒಂಥರಾ ಸ್ವಿಚ್ಚಿನ ಹಾಗೆ. 'ಬಿ' ಬಗೆಯಲ್ಲಿ ಆ ಪ್ರೋಟೀನು ಅಂಟುವ ಜಾಗ ಸಾಮಾನ್ಯವಾಗಿ ಎರಡು, 'ಸಿ'ಯಲ್ಲಿ ಮೂರು. ನಾಲ್ಕು ಜಾಗವಿರುವ 'ಸಿ' ತಳಿಗಳು ಭಾರತದಲ್ಲಿ ಹೆಚ್ಚುತ್ತಿವೆ ಎಂದು ಈ ತಂಡ 2012ರಲ್ಲಿ ತೋರಿಸಿತು. ಮೂರರ ವೈರಸ್ಸನ್ನೂ ನಾಲ್ಕರ ವೈರಸ್ಸನ್ನೂ ಒಟ್ಟಿಗೆ ಬೆಳೆಸಿದಾಗ ನಾಲ್ಕರದ್ದೇ ಗೆದ್ದಿತು. ಅಂಥ ಸೋಂಕು ಇದ್ದವರ ರಕ್ತದಲ್ಲಿ ವೈರಸ್ ಪ್ರಮಾಣವೂ ಜಾಸ್ತಿ ಇತ್ತು. ಅಂದರೆ 'ಎಲ್ಲವೂ ಸಿ' ಎಂದು ಸುಮ್ನೆ ಕೂರುವ ಹಾಗಿಲ್ಲ. ಆ 'ಸಿ' ಒಳಗೊಳಗೇ ಬದಲಾಗುತ್ತಿದೆ.

ಜಗತ್ತಿನ ಸುಮಾರು ಅರ್ಧದಷ್ಟು ಸೋಂಕು 'ಸಿ'ಯದ್ದಾದರೂ ದಶಕಗಟ್ಟಲೆ ಪ್ರಯೋಗಾಲಯಗಳು 'ಬಿ'ಯನ್ನೇ ಮಾದರಿಯಾಗಿ ಇಟ್ಟುಕೊಂಡವು. ಇದು ಅನ್ಯಾಯ ಅಲ್ವಾ? 'ಸಿ'ಗಾಗಿ ರೂಪಿಸಿದ ಲಸಿಕೆಯೊಂದನ್ನು ದಕ್ಷಿಣ ಆಫ್ರಿಕಾದಲ್ಲಿ 5,400 ಜನರ ಮೇಲೆ ಪರೀಕ್ಷಿಸಿದರು. ಫಲ ಕೊಡಲಿಲ್ಲ, 2020ರಲ್ಲಿ ನಿಲ್ಲಿಸಿದರು. ಇಷ್ಟು ವೇಷ ಬದಲಿಸುವ ವೈರಸ್ಸಿಗೆ ಲಸಿಕೆ ಮಾಡುವುದು ಅಷ್ಟು ಕಷ್ಟ.

ಭಾರತದ ಪಶ್ಚಿಮ ಕರಾವಳಿಯ ಕಡೆ ಇನ್ನೊಂದು ವಿಷಯವಿದೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಎಚ್‌ಐವಿ-1ರ ಮಾತು. ಅಲ್ಲಿ ಅಪರೂಪಕ್ಕೆ ಎಚ್‌ಐವಿ-2 ಸಿಗುತ್ತದೆ. ಅದು ಉಪಬಗೆಯಲ್ಲ, ಪಶ್ಚಿಮ ಆಫ್ರಿಕಾದ ಮಂಗಗಳಿಂದ ಬಂದ ಬೇರೆಯೇ ವೈರಸ್. ಎಚ್‌ಐವಿ-1ಕ್ಕೆ ಕೊಡುವ ನೆವಿರಾಪಿನ್, ಎಫಾವಿರೆಂಜ್ ಔಷಧಿಗಳಿಗೆ ಅದು ಜಗ್ಗುವುದಿಲ್ಲ. ಆದ್ದರಿಂದಲೇ ಸೋಂಕು ಎಚ್‌ಐವಿ-1ರದ್ದೋ ಎಚ್‌ಐವಿ-2ರದ್ದೋ ಎಂದು ಪರೀಕ್ಷೆಯಲ್ಲಿ ಬೇರೆ ಮಾಡಿ ನೋಡಬೇಕಾಗುತ್ತದೆ. ಈಗ ನಮ್ಮ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಪುಕ್ಕಟೆ ಕೊಡುವ ದಿನಕ್ಕೊಂದು ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧಿ ಇದೆ. ಅದು 'ಬಿ'ಗೂ, 'ಸಿ'ಗೂ, ಎಚ್‌ಐವಿ-2ಕ್ಕೂ ಕೆಲಸ ಮಾಡುತ್ತದೆ.