ಪದ ಪರಿಚಯ: ಪಲ್ಸ್ ಸೀಕ್ವೆನ್ಸ್

ಎಂಆರ್‌ಐ ಮಾಡಿಸಿಕೊಂಡವರಿಗೆ ಆ ಸದ್ದು ಚೆನ್ನಾಗಿ ನೆನಪಿರುತ್ತದೆ. ಸ್ವಲ್ಪ ಹೊತ್ತು ಟಕ್ ಟಕ್, ಆಮೇಲೆ ಏನೂ ಇಲ್ಲ, ಇದ್ದಕ್ಕಿದ್ದಂತೆ ಡ್ರಿಲ್ ಕೊರೆದ ಹಾಗೆ ಗರ್ರ್. ಯಂತ್ರ ಕೆಟ್ಟಿತೇನೋ ಅಂತ ಗಾಬರಿಯಾಗುವವರೂ ಇದ್ದಾರೆ. ಕೆಟ್ಟಿರುವುದಿಲ್ಲ. ಸದ್ದಿನ ವರಸೆ ಬದಲಾದರೆ ಹೆಚ್ಚಾಗಿ ಹೊಸದೊಂದು ಪಲ್ಸ್ ಸೀಕ್ವೆನ್ಸ್ ಶುರುವಾಗಿದೆ ಅಂತ ಅರ್ಥ.

ಪಲ್ಸ್ ಸೀಕ್ವೆನ್ಸ್ ಅಂದರೆ ಸ್ಕ್ಯಾನರ್ ಏನು ಮಾಡಬೇಕು, ಯಾವ ಕ್ಷಣಕ್ಕೆ ಮಾಡಬೇಕು ಅನ್ನುವ ಪಟ್ಟಿ. ರೇಡಿಯೊ ಅಲೆಯ ಪಲ್ಸ್, ಅಂದರೆ ಚಿಕ್ಕ ಮಿಡಿತವನ್ನು ಯಾವಾಗ ಬಿಡಬೇಕು, ಸಿಗ್ನಲ್ ದೇಹದ ಯಾವ ಜಾಗದಿಂದ ಬಂತು ಅಂತ ಗುರುತಿಸಲು ನೆರವಾಗುವ ಗ್ರೇಡಿಯೆಂಟ್ ಕಾಯಿಲ್‌ಗಳಿಗೆ ಯಾವಾಗ ಕರೆಂಟ್ ಹರಿಸಬೇಕು, ದೇಹದಿಂದ ವಾಪಸ್ ಬರುವ ಸಿಗ್ನಲ್ಲನ್ನು ಯಾವಾಗ ಹಿಡಿಯಬೇಕು, ಎಲ್ಲವೂ ಮಿಲಿಸೆಕೆಂಡ್ ಲೆಕ್ಕದಲ್ಲಿ. ಆ ಕಾಯಿಲ್‌ಗಳು ಬಲವಾದ ಅಯಸ್ಕಾಂತದೊಳಗೆ ಇರುತ್ತವಲ್ಲ, ಕರೆಂಟ್ ಏರಿಳಿದಾಗಲೆಲ್ಲ ಅದುರುತ್ತವೆ. ನಮಗೆ ಕೇಳುವ ಸದ್ದು ಅದೇ.

ಆಸ್ಪತ್ರೆಯ ಸ್ಕ್ಯಾನರ್‌ಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾದ (ಅಯಸ್ಕಾಂತದ ಬಲ ಅಳೆಯುವ ಮಾನ) ಅಯಸ್ಕಾಂತ ಇರುತ್ತದೆ. 3 ಟೆಸ್ಲಾದಲ್ಲಿ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಸುಮಾರು 128 ಮೆಗಾಹರ್ಟ್ಸ್ ಅಲೆಗೆ ಸ್ಪಂದಿಸುತ್ತದೆ. ನಮ್ಮ ಎಫ್‌ಎಂ ರೇಡಿಯೊ ಮುಗಿಯುವುದು 108ಕ್ಕೆ, ಅದಕ್ಕಿಂತ ಸ್ವಲ್ಪ ಮೇಲೆ ಅಷ್ಟೆ. ಈ ಅಯಸ್ಕಾಂತ ಹಗಲು ರಾತ್ರಿ ಒಂದೇ ಥರ ಇರುತ್ತದೆ. ಚಿತ್ರದಲ್ಲಿ ಏನು ಬೆಳ್ಳಗೆ, ಏನು ಕಪ್ಪಗೆ ಕಾಣಬೇಕು ಅನ್ನುವುದನ್ನು ತೀರ್ಮಾನಿಸುವುದು ಸೀಕ್ವೆನ್ಸ್. ಒಂದು ಪಲ್ಸಿನಿಂದ ಇನ್ನೊಂದಕ್ಕೆ, ಪಲ್ಸಿನಿಂದ ಸಿಗ್ನಲ್ ಹಿಡಿಯುವವರೆಗೆ ಕಾಯುವ ಸಮಯಗಳನ್ನು ಚಿಕ್ಕದಾಗಿಟ್ಟರೆ ಮೆದುಳಿನ ಸುತ್ತಲಿನ ದ್ರವ ಕಪ್ಪಗೆ ಕಾಣುತ್ತದೆ, ಇದು ಟಿ1 ಚಿತ್ರ. ಉದ್ದ ಮಾಡಿದರೆ ಅದೇ ದ್ರವ ಬೆಳ್ಳಗಾಗುತ್ತದೆ, ಇದು ಟಿ2. ಮೊದಲೇ ಒಂದು ಹೆಚ್ಚುವರಿ ಪಲ್ಸ್ ಕೊಟ್ಟು, ಸುಮಾರು ಎರಡು ಸೆಕೆಂಡ್ ಕಾದರೆ ದ್ರವದ ಸಿಗ್ನಲ್ ಮಾತ್ರ ಅಡಗುತ್ತದೆ, ಪಕ್ಕದ ಗಾಯದ ಗುರುತುಗಳು ಎದ್ದು ಕಾಣುತ್ತವೆ. ರಿಪೋರ್ಟುಗಳಲ್ಲಿ ಬರುವ ಫ್ಲೇರ್ ಇದೇ. 1990ರ ದಶಕದ ಶುರುವಿನಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಇದು ಸಂಶೋಧನೆಯ ಸೀಕ್ವೆನ್ಸ್ ಆಗಿತ್ತು. ಈಗ ಊರೂರಿನ ಸ್ಕ್ಯಾನ್ ಸೆಂಟರಿನಲ್ಲೂ ಓಡುತ್ತದೆ.

ಸಂಶೋಧನೆಗೆ ಬೇರೆಯೇ ಯಂತ್ರ ಬೇಕು ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ. 7 ಟೆಸ್ಲಾದಂಥ ದೊಡ್ಡ ಯಂತ್ರಗಳು ಇವೆ, ನಿಜ. ಆದರೆ ಮನುಷ್ಯರ ಮೇಲಿನ ಎಂಆರ್‌ಐ ಸಂಶೋಧನೆ ಬಹುಪಾಲು ನಡೆಯುವುದು ರೋಗಿಗಳು ಮಲಗುವಂಥ ಸ್ಕ್ಯಾನರಿನಲ್ಲೇ. ಹಗಲು ರೋಗಿಗಳ ಸರದಿ ಇದ್ದರೆ ಸಂಶೋಧಕರಿಗೆ ಸಿಗುವುದು ಸಂಜೆ, ಇಲ್ಲವೇ ಭಾನುವಾರ.

ಹಾಗಾದರೆ ವ್ಯತ್ಯಾಸ ಎಲ್ಲಿ? ಡಾಕ್ಟರಿಗೆ ಬೇಕಾದದ್ದು ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಚಿತ್ರ. ಮಾಮೂಲಿ ಟಿ1 ಚಿತ್ರದ ಹೊಳಪಿಗೆ ಯಾವ ಅಳತೆಯೂ ಇಲ್ಲ. ಒಬ್ಬರನ್ನೇ ಎರಡು ಸ್ಕ್ಯಾನರಿನಲ್ಲಿ ಮಲಗಿಸಿದರೆ ಎರಡು ಸಂಖ್ಯೆ ಬರುತ್ತದೆ. ಸಂಶೋಧಕರಿಗೆ ಇದು ಸಾಲದು. ಅವರಿಗೆ ಟಿ1, ಅಂದರೆ ಪಲ್ಸ್ ಆದ ಮೇಲೆ ಹೈಡ್ರೋಜನ್ ಮೊದಲಿನ ಸ್ಥಿತಿಗೆ ಮರಳುವ ವೇಗವನ್ನು ಹೇಳುವ ಸಮಯ, ಮಿಲಿಸೆಕೆಂಡಿನಲ್ಲೇ ಬೇಕು. ಅದಕ್ಕಾಗಿ ಅದೇ ಜಾಗವನ್ನು ಬೇರೆ ಬೇರೆ ಕಾಯುವ ಸಮಯಗಳಲ್ಲಿ ಮತ್ತೆ ಮತ್ತೆ ಅಳೆಯುವ ಸೀಕ್ವೆನ್ಸ್ ಬರೆಯುತ್ತಾರೆ. ಚಿತ್ರ ತಯಾರಾದ ಮೇಲೆ ಸ್ಕ್ಯಾನರ್ ಸಾಮಾನ್ಯವಾಗಿ ಅಳಿಸಿಹಾಕುವ ಕಚ್ಚಾ ಸಿಗ್ನಲ್ಲೂ ಅವರಿಗೆ ಬೇಕು. ನ್ಯೂಯಾರ್ಕಿನ ವೈದ್ಯಕೀಯ ಕೇಂದ್ರ ಎನ್‌ವೈಯು ಲ್ಯಾಂಗೋನ್ ಮತ್ತು ಫೇಸ್‌ಬುಕ್ 2018ರಲ್ಲಿ ಶುರುಮಾಡಿದ ಫಾಸ್ಟ್‌ಎಂಆರ್‌ಐ ಯೋಜನೆಗೆ ಆಧಾರವಾದದ್ದು ಇಂಥ ಕಚ್ಚಾ ದತ್ತಾಂಶವೇ. ಕಡಿಮೆ ಅಳತೆಯಿಂದ ಪೂರ್ತಿ ಚಿತ್ರ ಕಟ್ಟಲು ಕಂಪ್ಯೂಟರಿಗೆ ಕಲಿಸುವುದು ಅದರ ಗುರಿ. ಆಮೇಲೆ ಆ ದತ್ತಾಂಶವನ್ನು ಹೊರಗಿನವರಿಗೂ ಕೊಟ್ಟರು.

ಇಲ್ಲೊಂದು ತಲೆನೋವು ಇದೆ. ಸೀಕ್ವೆನ್ಸ್ ಬರೆಯಲು ಸ್ಕ್ಯಾನರ್ ತಯಾರಿಸುವ ಕಂಪನಿಗಳದ್ದೇ ಬೇರೆ ಬೇರೆ ಸಾಫ್ಟ್‌ವೇರ್: ಜಿಇಯದ್ದು ಎಪಿಕ್, ಸೀಮೆನ್ಸ್‌ದು ಐಡಿಯಾ. ಬಳಸಬೇಕಾದರೆ ಕಂಪನಿಯ ಜೊತೆ ಒಪ್ಪಂದ ಬೇಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓಡುವುದಿಲ್ಲ. ವಿಜ್ಞಾನದಲ್ಲಿ ಒಬ್ಬರ ಪ್ರಯೋಗವನ್ನು ಇನ್ನೊಬ್ಬರು ಮಾಡಿ ನೋಡುವಂತಿರಬೇಕು, ಅಲ್ವಾ? ಈ ಬೇಲಿ ನನಗಂತೂ ಸರಿ ಕಾಣುವುದಿಲ್ಲ. ಜರ್ಮನಿಯ ಫ್ರೈಬರ್ಗ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪಲ್ಸೆಕ್ ಇದಕ್ಕೊಂದು ದಾರಿ ತೋರಿಸಿತು. ಇಡೀ ಸೀಕ್ವೆನ್ಸನ್ನು ಒಂದು ಸಾದಾ ಫೈಲಿನಲ್ಲಿ ಬರೆದಿಟ್ಟರೆ, ಬೇರೆ ಬೇರೆ ಕಂಪನಿಯ ಸ್ಕ್ಯಾನರ್‌ಗಳು ಅದನ್ನು ಓದಿಕೊಂಡು ನಡೆಸುತ್ತವೆ. ಮರುವರ್ಷವೇ ಬೆಂಗಳೂರಿನ ದಯಾನಂದ ಸಾಗರ್ ಸಂಸ್ಥೆಯ ಮೆಡಿಕಲ್ ಇಮೇಜಿಂಗ್ ರಿಸರ್ಚ್ ಸೆಂಟರಿನವರು, ಕೋಡ್ ಬರೆಯುವ ಬದಲು ಪರದೆಯ ಮೇಲೆ ಬ್ಲಾಕ್‌ಗಳನ್ನು ಜೋಡಿಸಿ ಪಲ್ಸೆಕ್ ಸೀಕ್ವೆನ್ಸ್ ಮಾಡುವ ಸಾಧನವನ್ನು ಹೊರತಂದರು.

ಹೊಸ ಸೀಕ್ವೆನ್ಸನ್ನು ಸುಮ್ನೆ ಮನುಷ್ಯರ ಮೇಲೆ ಓಡಿಸುವುದಿಲ್ಲ. ಮೊದಲು ಫ್ಯಾಂಟಮ್, ಅಂದರೆ ಉಪ್ಪು ಬೆರೆಸಿದ ನೀರೋ ಜೆಲ್ಲೋ ತುಂಬಿದ ಡಬ್ಬಿ. ಅದರ ಟಿ1 ಎಷ್ಟು ಅಂತ ಮೊದಲೇ ಗೊತ್ತಿರುವುದರಿಂದ ಸೀಕ್ವೆನ್ಸ್ ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತದೆ. ಸ್ಕ್ಯಾನರಿನ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗಲೂ ಮತ್ತೆ ಇದೇ ಪರೀಕ್ಷೆ, ಯಾಕೆಂದರೆ ರಾತ್ರೋರಾತ್ರಿ ಸಂಖ್ಯೆಗಳು ಜರುಗಬಹುದು. ಮನುಷ್ಯರ ಸರದಿ ಬಂದಾಗ ರೇಡಿಯೊ ಅಲೆಯಿಂದ ಮೈಗೆ ಸೇರುವ ಶಾಖಕ್ಕೂ ಮಿತಿ ಇದೆ. ಇಡೀ ದೇಹಕ್ಕೆ ಸಾಮಾನ್ಯ ಮಿತಿ ಕಿಲೋಗೆ 2 ವ್ಯಾಟ್, ವೈದ್ಯರ ನಿಗಾ ಇದ್ದರೆ 4.

ನಿಮ್ಮನ್ನು ಯಾರಾದರೂ ಸಂಶೋಧನೆಯ ಸ್ಕ್ಯಾನಿಗೆ ಕರೆದರೆ ಒಪ್ಪಿಗೆ ಪತ್ರ ಓದಿ. ಎಥಿಕ್ಸ್ ಕಮಿಟಿ ಒಪ್ಪಿದೆಯಾ ಕೇಳಿ. ರೋಗಕ್ಕೆ ಮಾಡಿಸುವ ಸ್ಕ್ಯಾನಿನ ಥರ ಇಲ್ಲಿ ರಿಪೋರ್ಟ್ ಬರಲೇಬೇಕು ಅಂತಿಲ್ಲ. ಹಾಗಾಗಿ ತಲೆಯಲ್ಲಿ ಅಚಾನಕ್ ಏನಾದರೂ ಕಂಡರೆ ನಿಮಗೆ ಹೇಳುವವರು ಯಾರು ಅನ್ನುವುದನ್ನು ಒಳಗೆ ಹೋಗುವ ಮೊದಲೇ ಕೇಳಿಕೊಳ್ಳಿ.