ಸೀಳುನಾಯಿಗೆ ಪಟ್ಟೆ ಇಲ್ಲ, ಹಾಗಾದರೆ ಎಣಿಸೋದು ಹೇಗೆ?

ಎಚ್.ಡಿ. ಕೋಟೆಯ ಓದುಗರೊಬ್ಬರು ಕೇಳಿದ್ದಾರೆ: "ಹುಲಿಯನ್ನು ಪಟ್ಟೆ ನೋಡಿ ಗುರುತು ಹಿಡಿಯುತ್ತಾರೆ, ಸರಿ. ನಾಗರಹೊಳೆಯ ಸೀಳುನಾಯಿಗಳು ಎಲ್ಲಾ ಒಂದೇ ಥರ ಕೆಂಪಗಿರುತ್ತವೆ. ಹಿಕ್ಕೆಯ ಡಿಎನ್ಎ ನೋಡಿ ಇದು ಇಂಥದ್ದೇ ನಾಯಿ ಅಂತ ಹೇಳೋಕಾಗುತ್ತಾ?"

ಆಗುತ್ತದೆ. ಆದರೆ ಸಲೀಸಲ್ಲ.

ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ಮರುಗ, ಮಲ್ಲಿಗೆ, ಮರುಗ ಅಂತ ಹೂ ಕಟ್ಟುತ್ತಾರಲ್ವಾ? ಡಿಎನ್ಎಯ ಕೆಲವು ಜಾಗಗಳೂ ಹಾಗೇ. ಸಿ-ಎ, ಸಿ-ಎ ಅಂತ ಎರಡೇ ಅಕ್ಷರ ಮತ್ತೆ ಮತ್ತೆ ಬರುತ್ತವೆ, ಒಂದು ನಾಯಿಯಲ್ಲಿ 12 ಸಲ ಬಂದರೆ ಇನ್ನೊಂದರಲ್ಲಿ 15 ಸಲ. ಇದಕ್ಕೆ ಮೈಕ್ರೋಸ್ಯಾಟಲೈಟ್ ಅನ್ನುತ್ತಾರೆ. ಪ್ರತಿ ಜಾಗಕ್ಕೂ ಅಮ್ಮನಿಂದ ಒಂದು ಮಾಲೆ, ಅಪ್ಪನಿಂದ ಒಂದು. ಒಂದೇ ಜಾಗ ನೋಡಿದರೆ ಎರಡು ನಾಯಿಗಳ ಲೆಕ್ಕ ಒಂದೇ ಇರಬಹುದು, ಹತ್ತು ಹನ್ನೆರಡು ಜಾಗ ನೋಡಿದರೆ ಹಾಗಾಗೋದು ಬಲು ಅಪರೂಪ. ಆದರೆ ಸೀಳುನಾಯಿ ಗುಂಪಿನಲ್ಲಿ ಅಕ್ಕ, ತಮ್ಮ, ಅಪ್ಪ, ಅಮ್ಮ ಎಲ್ಲಾ ಒಟ್ಟಿಗೇ ಇರುತ್ತಾರೆ. ನೆಂಟರ ಲೆಕ್ಕ ಹೆಚ್ಚು ಹೊಂದುತ್ತದೆ, ಹಾಗಾಗಿ ಇಲ್ಲಿ ಇನ್ನೂ ಜಾಸ್ತಿ ಜಾಗ ನೋಡಬೇಕು.

ಗುರುತು ಹಿಡಿಯೋಕೆ ಬಳಸುವ ಇಂಥ ಜಾಗಕ್ಕೆ ಮಾರ್ಕರ್ ಅನ್ನುತ್ತಾರೆ, ಅವನ್ನು ಹುಡುಕೋದೇ ಮಾರ್ಕರ್ ತಯಾರಿ. ಊರುನಾಯಿಯಲ್ಲಿ ಗುರುತಿಸಿದ ಹಲವು ಮಾರ್ಕರ್‌ಗಳು ಸೀಳುನಾಯಿಗೂ ಹೊಂದುತ್ತವೆ, ಎರಡೂ ಒಂದೇ ಕುಟುಂಬದವು. ಎಲ್ಲಾ ನಾಯಿಗಳಲ್ಲೂ ಲೆಕ್ಕ ಒಂದೇ ಬರುವ ಜಾಗದಿಂದ ಉಪಯೋಗವಿಲ್ಲ, ಬಿಡಬೇಕು. ಉಳಿದವನ್ನು ಮೊದಲು ಮೃಗಾಲಯದ ಪ್ರಾಣಿಯ ಮೇಲೆ ಪರೀಕ್ಷಿಸಬಹುದು: ಅದರ ರಕ್ತ ಹೇಳುವುದನ್ನೇ ಹಿಕ್ಕೆಯೂ ಹೇಳುತ್ತಾ?

ಕಷ್ಟ ಇರೋದು ಹಿಕ್ಕೆಯಲ್ಲೇ. ಸೀಳುನಾಯಿಗಳು ಕಾಡುದಾರಿ ಕೂಡುವ ಕಡೆ ಗುಂಪಾಗಿ ಹಿಕ್ಕೆ ಹಾಕುತ್ತವೆ, ಹುಡುಕೋಕೆ ಅದು ಅನುಕೂಲ. ಬಿಡಿಸಿ ನೋಡಿದರೆ ತುಂಬಾ ಜಿಂಕೆ ಕೂದಲು, ಮೂಳೆ ಚೂರು. ನಾಯಿಯದ್ದು ಅಂತ ಇರೋದು ಹೊರಮೈಗೆ ಅಂಟಿದ ಕರುಳಿನ ಜೀವಕೋಶ ಮಾತ್ರ, ಅದನ್ನೂ ಬಿಸಿಲು, ಮಳೆ ಬೇಗ ಹಾಳು ಮಾಡುತ್ತವೆ. ಡಿಎನ್ಎ ಚೂರುಚೂರಾಗಿರುತ್ತದೆ. ಅದಕ್ಕೇ ಚಿಕ್ಕ ಮಾರ್ಕರ್‌ಗಳನ್ನೇ ಆರಿಸುತ್ತಾರೆ.

ಇನ್ನೊಂದು ಅಪಾಯ ಇದೆ. ಎರಡು ಮಾಲೆಗಳಲ್ಲಿ ಒಂದು ಪರೀಕ್ಷೆಯಲ್ಲಿ ಕಾಣಿಸದೇ ಹೋದರೆ, ಹಳೇ ನಾಯಿಯೇ ಹೊಸದಾಗಿ ಕಾಣುತ್ತದೆ. ಅಳಿವಿನಂಚಿನ ಪ್ರಾಣಿ ಕಾಗದದ ಮೇಲೆ ಸುಮ್ನೆ ಹೆಚ್ಚಿಬಿಡುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಕೆಟ್ಟ ತಪ್ಪಿಲ್ಲ. ಅದಕ್ಕೇ ಒಂದೇ ಹಿಕ್ಕೆಯನ್ನು ಮೂರು ನಾಲ್ಕು ಸಲ ಪರೀಕ್ಷೆ ಮಾಡುತ್ತಾರೆ, ಎಷ್ಟೇ ಖರ್ಚಾದರೂ ಮಾಡಲೇಬೇಕು.

ಹೀಗೆ ಗಟ್ಟಿಯಾದ ಒಂದು ನಾಯಿಯ ಡಿಎನ್ಎ ಲೆಕ್ಕ ಈ ವರ್ಷ ಕಬಿನಿ ಹೊಳೆಯ ನಾಗರಹೊಳೆ ಕಡೆ ಸಿಕ್ಕು, ಮುಂದಿನ ವರ್ಷ ಬಂಡೀಪುರದ ಕಡೆ ಸಿಕ್ಕಿತು ಅನ್ನಿ. ಆ ನಾಯಿ ಹೊಳೆ ದಾಟಿದೆ. ಅದನ್ನು ಯಾರೂ ಹಿಡಿಯಲಿಲ್ಲ, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಲಿಲ್ಲ.